ಎರಡು ತಿಂಗಳು ತಡೆಯಬಹುದಿತ್ತು

ಕಳೆದ ಜುಲೈನಲ್ಲಿ ನಮ್ಮ ಬೀದಿಯ ಮಳೆ ಮರವನ್ನು ಕಡಿದರು. ಅದರಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಕೊಂಬೆಗಳ ಜೊತೆ ಇನ್ನೂ ಹಾರಲು ಬಾರದ ಮರಿಗಳೂ ಕೆಳಗೆ ಬಿದ್ದವು. ಕೆಲವು ಅಲ್ಲೇ ಸತ್ತವು, ಕೆಲವನ್ನು ಬೆಕ್ಕುಗಳು ಎಳೆದುಕೊಂಡು ಹೋದವು. ನಾನು ಮತ್ತು ನನ್ನ ತಮ್ಮ ಎರಡು ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಅನ್ನ ತಿನ್ನಿಸಲು ನೋಡಿದೆವು. ಅವು ಬಾಯಿ ತೆರೆಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎರಡೂ ಸತ್ತಿದ್ದವು.

ಮರ ಕಡಿಸಿದವರು ಕೆಟ್ಟವರಲ್ಲ. ಅರ್ಜಿಗೆ ಸಹಿ ಹಾಕಿದವರಲ್ಲಿ ನಮ್ಮ ಅಬ್ಬಾ ಕೂಡ ಒಬ್ಬರು. ಬೀದಿಯ ತುಂಬ ಹಿಕ್ಕೆ ಬೀಳುತ್ತಿತ್ತು. ನಮಾಜಿಗೆ ಹೊರಟವರ ಬಟ್ಟೆಯ ಮೇಲೆ ಬಿದ್ದರೆ ಮನೆಗೆ ಹಿಂತಿರುಗಿ ಬಟ್ಟೆ ಬದಲಾಯಿಸಬೇಕಾಗುತ್ತಿತ್ತು. ವಾಸನೆಗೆ ಅಮ್ಮಿ ಕಿಟಕಿ ತೆರೆಯುತ್ತಿರಲಿಲ್ಲ. ಸ್ಕೂಟರ್ ಒರೆಸುವಾಗ ನಾನೂ ಆ ಹಕ್ಕಿಗಳನ್ನು ಬೈದಿದ್ದೇನೆ. ಆದ್ದರಿಂದ ಈ ಲೇಖನ ಯಾರ ಮೇಲೂ ದೂರು ಅಲ್ಲ. ಒಂದು ಊರಿನವರು ಇದೇ ತೊಂದರೆಯನ್ನು ಬೇರೆ ರೀತಿಯಲ್ಲಿ ನಿಭಾಯಿಸಿದ್ದಾರೆ. ಅದನ್ನು ನಾವು ಕಲಿಯಬಹುದು ಎಂದು ಹೇಳಲು ಬರೆಯುತ್ತಿದ್ದೇನೆ.

ಈ ಜನವರಿಯಲ್ಲಿ ನಮ್ಮ ಎನ್‌ಎಸ್‌ಎಸ್ ಘಟಕದವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಅಲ್ಲಿ ಹಕ್ಕಿಗಳು ಇರುವುದು ಕಾಡಿನಲ್ಲಲ್ಲ, ಊರಿನ ಒಳಗೆ. ಮನೆಯ ಪಕ್ಕದ ಹುಣಸೆ ಮರ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡುಗಳಿವೆ. ಕೆಳಗೆ ಎತ್ತು ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಅಲ್ಲಿಯೂ ಹಿಕ್ಕೆ ಬೀಳುತ್ತದೆ, ವಾಸನೆಯೂ ಇದೆ. ಆದರೆ ಆ ಊರಿನವರು ಹಿಕ್ಕೆಯನ್ನು ಕೆರೆಯ ಗೋಡಿನ ಜೊತೆ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಂಡವರು. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ ಎಂಬುದು ಅಲ್ಲಿನ ನಂಬಿಕೆ. ತವರಿಗೆ ಬಂದ ಮಗಳನ್ನು ಯಾರು ಓಡಿಸುತ್ತಾರೆ?

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಈ ಊರಿನ ಬಗ್ಗೆ ಹೊರಜಗತ್ತಿಗೆ ತಿಳಿಸಿದರು. ಆಮೇಲೆ 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜೊತೆ ಸೇರಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಈ ಬಳಗದವರು ಎತ್ತಿ ತರುತ್ತಾರೆ. ಬಲೆ ಹಾಕಿದ ಆವರಣದಲ್ಲಿಟ್ಟು ಮೀನು ಕೊಟ್ಟು ಸಾಕುತ್ತಾರೆ. ರೆಕ್ಕೆ ಬಲಿತ ಮೇಲೆ ಹಾರಿಬಿಡುತ್ತಾರೆ. ಮೀನು ಎಂಬ ಮಾತು ಕೇಳಿದಾಗ ನನಗೆ ನಮ್ಮ ರಟ್ಟಿನ ಡಬ್ಬದಲ್ಲಿದ್ದ ಅನ್ನ ನೆನಪಾಯಿತು. ನಮಗೆ ಅಷ್ಟೂ ಗೊತ್ತಿರಲಿಲ್ಲ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮ್ಮ ಅರ್ಥಶಾಸ್ತ್ರ ಪಾಠದಲ್ಲಿ ‘ಅವಕಾಶ ವೆಚ್ಚ’ ಎಂಬುದು ಬರುತ್ತದೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ ಅದು. ಕೊಕ್ಕರೆ ಬೆಳ್ಳೂರಿನಲ್ಲಿ ಅದನ್ನು ಕಣ್ಣಾರೆ ನೋಡಿದೆ. ಮರದ ಮಾಲೀಕರು ಗೂಡಿರುವ ಮರದ ಹುಣಸೆಯನ್ನು ಬಿಟ್ಟುಕೊಡುತ್ತಾರೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದು ಸಾಲದು ಎಂಬ ಮಾತೂ ಇದೆ. ಯುವಕರು ತಮ್ಮ ಸಮಯ ಕೊಡುತ್ತಾರೆ. ಅಂದರೆ ಹಕ್ಕಿಗಳು ಉಳಿದಿರುವುದು ಪ್ರೀತಿಯಿಂದ ಮಾತ್ರವಲ್ಲ. ಖರ್ಚನ್ನು ಹಲವರು ಹಂಚಿಕೊಂಡಿದ್ದಾರೆ. ನಮ್ಮ ಬೀದಿಯಲ್ಲಿ ಎಲ್ಲ ಖರ್ಚೂ ಮರದ ಕೆಳಗಿನ ನಾಲ್ಕು ಮನೆಗಳ ಮೇಲೆ ಬಿತ್ತು. ಉಳಿದ ನಾವು ಹಕ್ಕಿ ನೋಡಿ ಫೋಟೊ ತೆಗೆದುಕೊಂಡೆವು. ಆ ನಾಲ್ಕು ಮನೆಯವರು ಎಷ್ಟು ದಿನ ಸುಮ್ಮನಿರಬೇಕು?

‘ಅದು ಹಳ್ಳಿ, ಇದು ಪಟ್ಟಣ. ಇಲ್ಲಿ ಜಾಗವೆಲ್ಲಿದೆ?’ ಎಂದು ಗೆಳೆಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮರವನ್ನು ಯಾವತ್ತೂ ಮುಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಬೆಳ್ಳಕ್ಕಿ ಮರಿ ಮೊಟ್ಟೆಯಿಂದ ಬಂದ ಸುಮಾರು ಒಂದು ತಿಂಗಳಿಗೆ ಹಾರಲು ಕಲಿಯುತ್ತದೆ. ಎರಡು ತಿಂಗಳು ತಡೆದು ಆಮೇಲೆ ಕೊಂಬೆ ಸವರಿದ್ದರೆ ಬೀದಿಯೂ ಸ್ವಚ್ಛವಾಗುತ್ತಿತ್ತು, ಮರಿಗಳೂ ಬದುಕುತ್ತಿದ್ದವು. ಮರ ಕಡಿಯಲು ಅನುಮತಿ ಬೇಕು ಎಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆದರೆ ಕಾನೂನು ತೋರಿಸಿ ನೆರೆಯವರನ್ನು ಹೆದರಿಸುವುದಕ್ಕಿಂತ ಅವರ ಜೊತೆ ಕೂತು ಮಾತಾಡುವುದು ಒಳ್ಳೆಯದು. ಮರಿಗಳನ್ನು ಹಿಡಿದು ತಂದವರಿಗೆ, ತಾಯಿಹಕ್ಕಿಗೆ ಅವನ್ನು ಹಿಂತಿರುಗಿಸಿ ಎಂದು ಪ್ರವಾದಿ(ಸ)ರು ಹೇಳಿದ ಹದೀಸ್ ನಮ್ಮಲ್ಲಿ ಅನೇಕರು ಚಿಕ್ಕಂದಿನಿಂದ ಕೇಳಿದ್ದೇವೆ. ಜುಮಾ ದಿನ ಮಸೀದಿಯಲ್ಲಿ ಅದನ್ನು ಒಮ್ಮೆ ನೆನಪಿಸಿದರೆ ನಮ್ಮ ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಜೂನ್ 5ರಂದು ಸಸಿ ನೆಡುತ್ತೇವೆ. ನೆಡೋಣ. ಅದರ ಜೊತೆ ಈ ವರ್ಷ ಮೂರು ಕೆಲಸ ಮಾಡೋಣ ಎಂದು ಪ್ರಾಂಶುಪಾಲರಲ್ಲಿ ಮತ್ತು ಇಕೋ ಕ್ಲಬ್‌ನವರಲ್ಲಿ ನನ್ನ ವಿನಂತಿ. ಒಂದು, ಪ್ರತಿ ವಿದ್ಯಾರ್ಥಿ ತನ್ನ ಬೀದಿಯಲ್ಲಿ ಗೂಡಿರುವ ಮರಗಳ ಪಟ್ಟಿ ಕೊಡಲಿ. ಎರಡು, ಅಂಥ ಮರದ ಕೆಳಗೆ ಜನ ಓಡಾಡುವ ಕಡೆ ಮಳೆಗಾಲ ಮುಗಿಯುವವರೆಗೆ ಟಾರ್ಪಾಲು ಕಟ್ಟೋಣ. ಅದಕ್ಕೆ ಬೀದಿಯ ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ಚಂದಾ ಎತ್ತೋಣ. ವಾರಕ್ಕೊಮ್ಮೆ ನಾವೇ ತೊಳೆಯೋಣ. ಮೂರು, ಬಿದ್ದ ಮರಿಯನ್ನು ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂದು ಅರಣ್ಯ ಇಲಾಖೆಯವರನ್ನು ಕರೆಸಿ ಒಂದು ದಿನ ಕಲಿಯೋಣ.

ಕೊಕ್ಕರೆ ಬೆಳ್ಳೂರಿನಿಂದ ಬಂದ ರಾತ್ರಿ ಅಬ್ಬಾಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಆಗಲೇ ಹೇಳಬಾರದಿತ್ತಾ ಬೇಟಾ?’ ಎಂದರು. ಅರ್ಜಿಗೆ ಸಹಿ ಹಾಕಿಸಲು ಬಂದಾಗ ನಾನು ಮನೆಯಲ್ಲೇ ಇದ್ದೆ. ಏನೂ ಹೇಳಿರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಇನ್ನೊಂದು ಮಳೆ ಮರವಿದೆ. ಜೂನ್‌ನಲ್ಲಿ ಬೆಳ್ಳಕ್ಕಿಗಳು ಅಲ್ಲಿಗೆ ಬರಬಹುದು. ಈ ಸಲ ಅರ್ಜಿ ಬರುವುದಕ್ಕೆ ಮೊದಲೇ ಟಾರ್ಪಾಲಿನ ಚಂದಾ ಪಟ್ಟಿ ಹಿಡಿದು ನಾವು ಹೋಗೋಣ. ಮೊದಲ ಹೆಸರು ಬರೆಸುತ್ತೇನೆ ಎಂದು ಅಬ್ಬಾ ಹೇಳಿದ್ದಾರೆ.