ತೆನೆ ಹಬ್ಬದ ಊಟಕ್ಕೆ ಪಕ್ಕದ ಮನೆಯವರನ್ನೂ ಕರೆಯೋಣ

ಮಂಗಳೂರು, ಉಡುಪಿ ಸೀಮೆಯ ಕ್ರೈಸ್ತ ಬಂಧುಗಳಲ್ಲಿ ನನ್ನದೊಂದು ವಿನಂತಿ. ಈ ಸೆಪ್ಟೆಂಬರ್ 8ರಂದು, ಮೊಂತಿ ಫೆಸ್ತ್ ಎಂದು ನಾವು ಕರೆಯುವ ತೆನೆ ಹಬ್ಬದ ದಿನ, ನಿಮ್ಮ ಮನೆಯಲ್ಲಿ ಎರಡು ಬಾಳೆಲೆ ಹೆಚ್ಚಿಗೆ ಹಾಕಿ. ಪಕ್ಕದ ಮನೆಯವರನ್ನು ಕರೆದು ಆ ಎಲೆಗಳ ಮುಂದೆ ಕೂರಿಸಿ.

ಕ್ರಿಸ್ಮಸ್ ಬಂದಾಗ ನಾವು ನೆರೆಹೊರೆಯನ್ನು ಮರೆಯುವುದಿಲ್ಲ, ನಿಜ. ನೆವ್ರಿ, ಗುಳಿಯೊ, ಕಿಡಿಯೊ ತಿಂಡಿಗಳು ತುಂಬಿದ ಕುಸ್ವಾರ್ ತಟ್ಟೆ ಮನೆಮನೆಗೆ ಹೋಗುತ್ತದೆ. ಆದರೆ ಆ ಭೇಟಿ ಹೆಚ್ಚಾಗಿ ಬಾಗಿಲಲ್ಲೇ ಮುಗಿಯುತ್ತದೆ. ಕೇಕಿನಲ್ಲೂ ರೋಸ್ ಕುಕ್ಕೀಸಿನಲ್ಲೂ ಮೊಟ್ಟೆ ಇರುವುದರಿಂದ ಸಸ್ಯಾಹಾರಿ ಮನೆಯವರು ನಗುತ್ತ ತಟ್ಟೆ ತೆಗೆದುಕೊಂಡರೂ ಮುಟ್ಟಲಾರದೆ ಸಂಕಟಪಡುತ್ತಾರೆ.

ತೆನೆ ಹಬ್ಬಕ್ಕೆ ಈ ತೊಡಕಿಲ್ಲ. ಮೀನು ಮಾಂಸವಿಲ್ಲದೆ ನಮ್ಮ ಹಬ್ಬವೇ ಇಲ್ಲ ಎಂದುಕೊಂಡವರಿಗೆ ಇದು ಗೊತ್ತಿರಲಿಕ್ಕಿಲ್ಲ: ಯೇಸುವಿನ ತಾಯಿ ಮರಿಯಮ್ಮನ ಜನ್ಮದಿನವಾದ ಅಂದು ನಮ್ಮಲ್ಲಿ ಅಪ್ಪಟ ಸಸ್ಯಾಹಾರ. ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ಪದಾರ್ಥಗಳು. ಹಿತ್ತಿಲಿನ ಅಲಸಂಡೆ, ಬೆಂಡೆ, ಹರಿವೆ, ಕೆಸುವಿನ ದಂಟು, ತೊಂಡೆಕಾಯಿ, ಕೊನೆಗೆ ಪಾಯಸ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಯ ಪ್ರತಿಮೆಗೆ ಹಾಕಿರುತ್ತಾರೆ. ಹಬ್ಬದ ಬೆಳಿಗ್ಗೆ ಇಗರ್ಜಿಯಲ್ಲಿ ಹೊಸ ತೆನೆಯ ಆಶೀರ್ವಾದವಾಗುತ್ತದೆ. ಮನೆಗೆ ತಂದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥಿಸಿ, ಹಿರಿಯರ ಕೈಯಿಂದ ಎಲ್ಲರೂ ಸ್ವೀಕರಿಸುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಮತ್ತು 18ನೇ ಶತಮಾನದ ಫಾದರ್ ಜೋಕಿಂ ಮಿರಾಂದರ ಹೆಸರಿನೊಂದಿಗೆ ಜೋಡಿಸಿ ಹೇಳುವ ಈ ಹಬ್ಬದ ಹುರುಳೆಲ್ಲ ಈ ನೆಲದ ಬೇಸಾಯದ್ದೇ. ತುಳುವರ ಮನೆಗಳಲ್ಲಿ ಬಾಗಿಲಿಗೆ, ಕಂಬಕ್ಕೆ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ. ಹಾಗಾಗಿ ನಮ್ಮ ತೆನೆ ಏನೆಂದು ನೆರೆಯವರಿಗೆ ವಿವರಿಸಬೇಕಾದ ಅಗತ್ಯವೇ ಬೀಳದು.

ಆದರೂ ಇದನ್ನು ನಾವು ಮನೆಯೊಳಗಿನ ಹಬ್ಬವಾಗಿಯೇ ಉಳಿಸಿಕೊಂಡಿದ್ದೇವೆ. ದುಬೈಯಲ್ಲಿರುವ ಮಗನಿಗೆ, ಮುಂಬೈಯಲ್ಲಿರುವ ತಂಗಿಗೆ ತೆನೆಯ ಕಾಳು ಲಕೋಟೆಯಲ್ಲಿ ಹೋಗುತ್ತದೆ. ಕುಟುಂಬ ಒಂದಾಗುವ ಹಬ್ಬ ಇದು, ಅದನ್ನು ಬಿಡಿ ಎನ್ನುತ್ತಿಲ್ಲ. ಆದರೆ ಮಕ್ಕಳೆಲ್ಲ ಪರದೇಶದಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಎಲೆ ಹಾಕಿಕೊಂಡು ಕೂರುವ ಮನೆಗಳು ನಮ್ಮ ಇಗರ್ಜಿಯ ವಾಳೆಗಳಲ್ಲಿ (ವಾರ್ಡುಗಳಲ್ಲಿ) ಎಷ್ಟಿಲ್ಲ? ರಾತ್ರಿ ಎದೆನೋವು ಬಂದರೆ ಅವರು ಮೊದಲು ಕೂಗುವುದು ಗೋಡೆಯಾಚೆಯವರನ್ನೇ.

ಇಲ್ಲಿ ನಂಬಿಕೆಯ ಮಾತೂ ಇದೆ. ಸುವಾರ್ತೆಗಳನ್ನು ತೆರೆದು ನೋಡಿ, ಯೇಸು ಅನ್ಯರ ಮನೆಯಲ್ಲಿ ಉಂಡದ್ದೇ ಉಂಡದ್ದು. ಊರು ದೂರವಿಟ್ಟಿದ್ದ ಜಕ್ಕಾಯನ ಮನೆಗೆ ತಾವಾಗಿಯೇ ಬರುತ್ತೇನೆ ಎಂದರು. ಸಮಾರ್ಯದ ಹೆಂಗಸಿನ ಬಳಿ ಮೊದಲು ನೀರು ಕೇಳಿದರು, ಆಮೇಲೆ ಮಾತಾಡಿದರು. ಕೊಡುವವರಾಗಿ ಮಾತ್ರ ನೆರೆಯವರ ಮುಂದೆ ನಿಲ್ಲುವ ನಮಗೆ ಇದರಲ್ಲಿ ದೊಡ್ಡ ಪಾಠವಿದೆ. ಹಾಗಾಗಿ ಚೌತಿಯ ಕಡುಬಿಗೆ, ಈದ್ ಊಟಕ್ಕೆ ಕರೆ ಬಂದರೆ ನೆಪ ಹೇಳಬೇಡಿ. ಹೋಗಿ, ಕೂತು, ಹೊಟ್ಟೆ ತುಂಬ ಉಣ್ಣಿ. ಪೂಜೆಯಲ್ಲಿ ಪಾಲುಗೊಳ್ಳಲು ನಿಮ್ಮ ಮನಸ್ಸು ಒಪ್ಪದಿದ್ದರೆ ವಿನಯದಿಂದ ಹೇಳಿದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಕರೆಯುವಾಗ ಒಳಗೊಂದು, ಹೊರಗೊಂದು ಇರಕೂಡದು. ಊಟದ ನೆಪದಲ್ಲಿ ಮತಾಂತರದ ಉದ್ದೇಶ ಬೇಡ, ಇದನ್ನು ಒತ್ತಿ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಗ್ಗೆ ವಕೀಲರು ಬೇಕಾದಷ್ಟು ವಾದಿಸಲಿ. ಕಾನೂನು ಇರಲಿ, ಇಲ್ಲದಿರಲಿ, ಬಡಿಸಿದ ಅನ್ನಕ್ಕೆ ಪ್ರತಿಫಲ ಎಣಿಸುವುದು ನಮ್ಮ ನಂಬಿಕೆಗೇ ಅವಮಾನ. ಉಂಡವರು ಪ್ರಾರ್ಥನೆಯ ಬಗ್ಗೆ ಕೇಳಿದರೆ ಮುಚ್ಚಿಡದೆ, ಸಂಕೋಚವಿಲ್ಲದೆ ಹೇಳಿ: ಯೇಸು ನಿಮಗೆ ಯಾರು, ಕಷ್ಟದಲ್ಲಿ ಯಾರ ಮೊರೆಹೋದಿರಿ. ಕೇಳದಿದ್ದರೆ ಮಳೆ, ಮಕ್ಕಳ ಪರೀಕ್ಷೆ, ಅಡಿಕೆ ಕೊಳೆರೋಗದ ವಿಷಯ ಮಾತಾಡಿ. ಆಶೀರ್ವದಿಸಿದ ತೆನೆಯ ಹಾಲು ಬೇಡವೆಂದವರಿಗೆ ಒತ್ತಾಯ ಬೇಡ.

ದಯೆಯ ಕೆಲಸವನ್ನು ನಾವು ಸಂಸ್ಥೆಗಳಿಗೆ ಒಪ್ಪಿಸಿ ನಿಶ್ಚಿಂತರಾದೆವೇನೋ ಎಂಬ ಅಳುಕು ನನಗಿದೆ. ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧಿ ಹಂಚತೊಡಗಿದ್ದು ಇಂದು ದೊಡ್ಡ ಆಸ್ಪತ್ರೆಯಾಗಿದೆ. ಇದರ ಹೆಮ್ಮೆ ನಮಗಿರಲಿ. ಆದರೆ ಮೇಲಿನ ಮಹಡಿಯ ಅಜ್ಜಿಗೆ ಗ್ಯಾಸ್ ಸಿಲಿಂಡರ್ ಎತ್ತಿಕೊಡಲು ಯಾವ ಸಂಸ್ಥೆಯೂ ಬರುವುದಿಲ್ಲ.

ಇನ್ನು ಮಾಡಬೇಕಾದ್ದು. ವಾರ ಮೊದಲೇ ಹೋಗಿ ಕರೆಯಿರಿ, ವಾಟ್ಸಾಪ್ ಸಂದೇಶ ಕಳಿಸಿ ಸುಮ್ಮನಾಗಬೇಡಿ. ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೋ ಕೇಳಿಕೊಳ್ಳಿ. ನಮ್ಮ ಮನೆಯ ಪಾತ್ರೆಯಲ್ಲಿ ಉಣ್ಣಲು ಹಿಂಜರಿಯುವವರಿದ್ದರೆ ಬೇಸರಪಡದೆ ಹಿತ್ತಿಲಿನ ತರಕಾರಿ, ಬಾಳೆಗೊನೆ ಕೊಟ್ಟು ಬನ್ನಿ. ಅಂದು ಅವರ ಮನೆಯಲ್ಲಿ ಚೌತಿಯ ಸಡಗರವೋ ಉಪವಾಸವೋ ಇದ್ದರೆ ಮರುದಿನ ಕರೆಯಬಹುದು. ಬಿಹಾರ, ಒಡಿಶಾ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದು ನಿಮ್ಮ ಬೀದಿಯಲ್ಲೇ ಬಾಡಿಗೆ ಕೋಣೆಯಲ್ಲಿರುವವರನ್ನು ಬಿಡಬೇಡಿ. ಅವರನ್ನು ಊಟಕ್ಕೆ ಕರೆದವರು ಈ ಊರಲ್ಲಿ ಇನ್ನೂ ಯಾರೂ ಇಲ್ಲದಿರಬಹುದು. ವಾಳೆಯ ಮುಖ್ಯಸ್ಥರಾದ ಗುರಿಕಾರರೇ, ಈ ತಿಂಗಳ ವಾಳೆ ಸಭೆಯಲ್ಲಿ ಈ ಮಾತೆತ್ತಿ, ಯಾರ ಮನೆಗೆ ಯಾರನ್ನು ಕರೆಯುವುದೆಂದು ಅಲ್ಲೇ ಕೂತು ಮಾತಾಡಿಕೊಳ್ಳಿ.