ಹತ್ತಿರ ಬರುವ ದೋಣಿ

ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ಮಹಾಕಾರ್ಯದರ್ಶಿಗಳ ಸನ್ನಿಧಿಗೆ,
ಲಂಡನ್.

ಮಾನ್ಯರೇ,

ಥೇಮ್ಸ್ ನದಿಯ ದಡದ ಮೇಲಿರುವ ತಮ್ಮ ಕಚೇರಿಗೆ ಕನ್ನಡದಲ್ಲಿ ಬರೆದ ಕಾಗದಗಳು ಬರುವುದು ಅಪರೂಪವಾಗಿರಬಹುದು. ಆದರೂ 1974ರಿಂದ 1989ರವರೆಗೆ ತಾವೀಗ ಕುಳಿತಿರುವ ಪೀಠದಲ್ಲಿದ್ದು ಆ ಸಂಸ್ಥೆಯನ್ನು ಬೆಳೆಸಿದ ಚಂದ್ರಿಕಾ ಪ್ರಸಾದ ಶ್ರೀವಾಸ್ತವರು ನಮ್ಮ ದೇಶದವರೆಂಬ ಸಲಿಗೆಯಿಂದಲೂ, ಮಲ್ಪೆಯ ಬಂದರಿಗೆ ಕೂಗಳತೆಯಲ್ಲಿ ಹುಟ್ಟಿ ಬೆಳೆದವನು ಕಡಲಿನ ವಿಷಯ ಮಾತಾಡಲು ಬೇರೆ ರಹದಾರಿಯನ್ನು ತೋರಿಸಬೇಕಾಗಿಲ್ಲವೆಂಬ ನಂಬಿಕೆಯಿಂದಲೂ ಈ ವಿಜ್ಞಾಪನೆಯನ್ನು ಬರೆಯುತ್ತಿದ್ದೇನೆ. ಸ್ವಂತದ ಹಾಯಿದೋಣಿಯಲ್ಲಿ ದೇಶದಿಂದ ದೇಶಕ್ಕೆ ಸಂಚರಿಸುವವರು ತಮ್ಮ ಪ್ರಾಣವನ್ನು ಹೇಗೆ ಕಾಪಾಡಿಕೊಳ್ಳಬೇಕು, ಅವರ ಕೈಯಲ್ಲಿ ಬಂದೂಕು ಇರಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ನಾನು ಕಂಡದ್ದನ್ನು ಅರಿಕೆ ಮಾಡುತ್ತೇನೆ. ಹೊರದೇಶದಲ್ಲಿ ನೆಲೆಸಿ, ಅಲ್ಲಿಯೇ ಮೂವತ್ತೆಂಟು ಅಡಿಯ ಹಾಯಿದೋಣಿಯೊಂದನ್ನು ಕೊಂಡಿದ್ದ ನನ್ನ ಸ್ನೇಹಿತರೊಬ್ಬರು ಕೆಲವು ವರ್ಷಗಳ ಹಿಂದೆ ಕೊಚ್ಚಿಯಿಂದ ಗೋವೆಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡಿದ್ದರು. ಮೂರನೆಯ ರಾತ್ರಿ, ಕಾಪುವಿನ ದೀಪಸ್ತಂಭದ ಬೆಳಕು ನಮ್ಮ ಬಲಕ್ಕೆ ಬೀಸಿ ಬೀಸಿ ಹೋಗುತ್ತಿದ್ದ ಹೊತ್ತಿನಲ್ಲಿ, ದೀಪವಿಲ್ಲದ ದೋಣಿಯೊಂದು ಎಂಜಿನ್ನಿನ ಸದ್ದನ್ನು ಏರಿಸಿಕೊಂಡು ನೇರವಾಗಿ ನಮ್ಮ ಕಡೆಗೇ ಬರತೊಡಗಿತು. ಸ್ನೇಹಿತರು ಮಾತಾಡಲಿಲ್ಲ. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದು, ಸಂಕಟಕಾಲದಲ್ಲಿ ಆಕಾಶಕ್ಕೆ ಕೆಂಪು ಬೆಂಕಿಯನ್ನು ಹಾರಿಸುವ ಕಿತ್ತಳೆ ಬಣ್ಣದ ಪಿಸ್ತೂಲನ್ನು ತಂದು, ಅದನ್ನು ಆಕಾಶಕ್ಕಲ್ಲ, ಬರುತ್ತಿದ್ದ ದೋಣಿಯ ಕಡೆಗೇ ಹಿಡಿದು ನಿಂತರು. ದೋಣಿ ಇಪ್ಪತ್ತು ಮಾರಿನಷ್ಟು ಸಮೀಪಕ್ಕೆ ಬಂದಾಗ ಅದರ ಮೂತಿಯಲ್ಲಿ ನಿಂತಿದ್ದವನು ಎರಡೂ ಕೈಗಳನ್ನು ಬೀಸುತ್ತಾ, "ಬಲೆ ಉಂಟು ಮಾರಾಯ್ರೇ, ಬಲೆ! ಪಡುವಕ್ಕೆ ತಿರುಗಿಸಿ!" ಎಂದು ಕೂಗಿದನು. ನಮ್ಮ ದೋಣಿಯ ಅಡಿಗೆ ಸಿಕ್ಕಿ ಬಲೆ ಹರಿಯದಿರಲೆಂದು ಓಡಿಬಂದಿದ್ದವರು ಅವರು. ಬಲೆ ಸುತ್ತಿಕೊಂಡು ನಮ್ಮ ಎಂಜಿನ್ನಿನ ಪಂಖ ನಿಂತುಹೋಗುವುದನ್ನೂ ಹಾಗೆಯೇ ತಪ್ಪಿಸಿದರು. ಆ ದೋಣಿಯ ಯಜಮಾನನಾದ ತಾಂಡೇಲನು ಕುಡಿಯಲು ನೀರಿದೆಯೇ ಎಂದು ಕೇಳಿದನು. ನಾವು ಕ್ಯಾನೊಂದನ್ನು ದಾಟಿಸಿದೆವು. ಅವರು ಬುಟ್ಟಿಯಿಂದ ಏಳೆಂಟು ಬಂಗುಡೆಗಳನ್ನು ತೆಗೆದು ನಮ್ಮ ಡೆಕ್ಕಿನ ಮೇಲೆ ಎಸೆದು ಹೋದರು. ಬೆಳಗಾದ ಮೇಲೆ ನೋಡಿದರೆ ಪಿಸ್ತೂಲಿನ ಕುದುರೆ ಇನ್ನೂ ಎಳೆದೇ ಇದ್ದಿತು.

ಹತ್ತಿರ ಬರುವ ದೋಣಿಯೆಲ್ಲ ಕಳ್ಳರದೆಂಬ ಈ ಭಯದ ಪರಿಣಾಮವೆಂತಹುದೆಂಬುದು ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು. 2012ರ ಫೆಬ್ರವರಿ 15ರಂದು ಕೇರಳದ ತೀರದಾಚೆ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲದ ಹಡಗಿನ ಮೇಲೆ ಕಾವಲಿಗಿದ್ದ ನೌಕಾಯೋಧರು, 'ಸೇಂಟ್ ಆಂಟನಿ' ಎಂಬ ದೋಣಿಯನ್ನು ಕಡಲ್ಗಳ್ಳರದೆಂದು ಭ್ರಮಿಸಿ ಗುಂಡು ಹಾರಿಸಲಾಗಿ, ಇಬ್ಬರು ಬೆಸ್ತರು ಸತ್ತರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಲಿಯ ತೀರ್ಪು ಬಂದು, ಹತ್ತು ಕೋಟಿ ರೂಪಾಯಿಗಳ ಪರಿಹಾರ ಸಂದಾಯವಾಗಿ, 2021ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಆಯುಧವಿದ್ಯೆಯಲ್ಲಿ ನುರಿತ ಸೈನಿಕರೇ ಹಾಡುಹಗಲಿನಲ್ಲಿ ಬೆಸ್ತನಾರು ಕಳ್ಳನಾರು ಎಂದು ಬಗೆಹರಿಸಲಾರದೆ ಹೋದಮೇಲೆ, ನಿದ್ದೆಗೆಟ್ಟ ಒಬ್ಬ ಗೃಹಸ್ಥನು ನಡುರಾತ್ರಿಯಲ್ಲಿ ಬಗೆಹರಿಸುವನೆಂದು ನಂಬುವುದು ಹೇಗೆ?

ಕಳ್ಳರೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನ್ಯೂಜಿಲೆಂಡಿಗೆ ಎರಡು ಸಲ ಅಮೆರಿಕಾಸ್ ಕಪ್ಪನ್ನು ಗೆದ್ದುಕೊಟ್ಟ ಸರ್ ಪೀಟರ್ ಬ್ಲೇಕರ ನೌಕೆ 'ಸೀಮಾಸ್ಟರ್' 2001ರ ಡಿಸೆಂಬರಿನಲ್ಲಿ ಅಮೆಜಾನ್ ನದಿಯ ಮುಖದಲ್ಲಿ, ಮಕಾಪಾ ಪಟ್ಟಣದ ಬಳಿ ಲಂಗರು ಹಾಕಿದ್ದಾಗ, ಮುಸುಕುಧಾರಿಗಳು ರಾತ್ರಿ ಅದನ್ನೇರಿದರು. ಬ್ಲೇಕರು ರೈಫಲನ್ನು ಹಿಡಿದು ಎದುರಿಸಿದರು. ಒಬ್ಬನ ಕೈಗೆ ಗುಂಡು ತಗುಲಿತು. ಅನಂತರ ರೈಫಲು ಕಚ್ಚಿಕೊಂಡಿತು. ಅವರು ಅಲ್ಲಿಯೇ ಹತರಾದರು. ಕಳ್ಳರು ಒಯ್ದದ್ದು ಒಂದು ಔಟ್‌ಬೋರ್ಡ್ ಎಂಜಿನ್ನು, ಕೆಲವು ಕೈಗಡಿಯಾರಗಳು. ಧೈರ್ಯದಲ್ಲಾಗಲಿ ಕಡಲಿನ ಅನುಭವದಲ್ಲಾಗಲಿ ಅವರಿಗಿಂತ ಮಿಗಿಲಾದವರು ಅಪೂರ್ವ. ಆ ಎಂಜಿನ್ನನ್ನು ಕೊಂಡೊಯ್ಯಲು ಬಿಟ್ಟಿದ್ದರೆ ಅವರು ಉಳಿಯುತ್ತಿದ್ದರೋ ಏನೋ ಎಂಬ ಸಂಕಟ ಇದನ್ನು ಓದಿದಾಗಲೆಲ್ಲ ನನ್ನನ್ನು ಕಾಡುತ್ತದೆ.

ಯುದ್ಧನೌಕೆಯ ನೆರವೂ ಸದಾ ಫಲಿಸುವುದಿಲ್ಲ. ಸ್ವಂತದ ಹಾಯಿದೋಣಿಯಲ್ಲಿ ಸಂಚರಿಸುತ್ತಿದ್ದ ಪಾಲ್ ಮತ್ತು ರೇಚಲ್ ಚಾಂಡ್ಲರ್ ದಂಪತಿಗಳನ್ನು ಸೋಮಾಲಿಯದ ಕಡಲ್ಗಳ್ಳರು 2009ರ ಅಕ್ಟೋಬರಿನಲ್ಲಿ ಸೇಶೆಲ್ಸ್ ದ್ವೀಪಗಳ ಬಳಿ ಹಿಡಿದು, ಬ್ರಿಟನ್ನಿನ ನೌಕೆಯೊಂದು ನೋಡುತ್ತಿದ್ದಂತೆಯೇ ಬೇರೆ ಹಡಗಿಗೆ ಸಾಗಿಸಿ, 388 ದಿನ ಸೆರೆಯಲ್ಲಿಟ್ಟರು. 2011ರ ಫೆಬ್ರವರಿಯಲ್ಲಿ ಕಡಲ್ಗಳ್ಳರ ವಶವಾಗಿದ್ದ 'ಕ್ವೆಸ್ಟ್' ಎಂಬ ಹಾಯಿದೋಣಿಯನ್ನು ಅಮೆರಿಕದ ಯುದ್ಧನೌಕೆಗಳು ಬೆನ್ನಟ್ಟಿ ಬರುತ್ತಿದ್ದಾಗಲೇ ಅದರಲ್ಲಿದ್ದ ನಾಲ್ವರೂ ಕೊಲೆಯಾದರು. ಅಂತಹ ನೀರಿಗೆ ಹೋಗದಿರುವುದೊಂದೇ ಅಲ್ಲಿ ರಕ್ಷೆ. ಹೋಗಬಾರದೆಂದು ಯಾರಾದರೂ ಸಕಾಲದಲ್ಲಿ ಖಚಿತವಾಗಿ ಹೇಳುವುದೇ ರಕ್ಷಕನ ಕೆಲಸ.

ಬಂದೂಕಿನ ಪಕ್ಷಪಾತಿಗಳು ಮರೆಯುವ ಇನ್ನೊಂದು ಸಂಗತಿಯುಂಟು. ಎಷ್ಟೋ ದೇಶಗಳಲ್ಲಿ ಬಂದರು ಸೇರಿದೊಡನೆ ಆಯುಧವನ್ನು ಸುಂಕದ ಅಧಿಕಾರಿಗೆ ಒಪ್ಪಿಸಿ, ಹೊರಡುವ ದಿನ ಮರಳಿ ಪಡೆಯಬೇಕು. ಹೊಂಚುಗಾರರು ಬರುವುದೋ ಬಹುಮಟ್ಟಿಗೆ ಲಂಗರು ಹಾಕಿ ಮಲಗಿದಾಗ. ಕಳ್ಳನು ಡೆಕ್ಕಿನ ಮೇಲಿರುವ ಹೊತ್ತಿನಲ್ಲಿ ಬಂದೂಕು ಸರಕಾರದ ಉಗ್ರಾಣದಲ್ಲಿ ಭದ್ರವಾಗಿರುತ್ತದೆ! ಬಂದೂಕಿಲ್ಲದ ಉಪಾಯಗಳೂ ಉಂಟು. 1895ರಲ್ಲಿ 'ಸ್ಪ್ರೇ' ಎಂಬ ದೋಣಿಯಲ್ಲಿ ಒಂಟಿಯಾಗಿ ಭೂಪ್ರದಕ್ಷಿಣೆಗೆ ಹೊರಟ ಜೋಶುವಾ ಸ್ಲೋಕಮ್ಮನು ಮೆಗೆಲನ್ ಜಲಸಂಧಿಯಲ್ಲಿ ರಾತ್ರಿ ಮಲಗುವ ಮೊದಲು ಡೆಕ್ಕಿನ ತುಂಬ ರತ್ನಗಂಬಳಿಗೆ ಹೊಡೆಯುವ ಚಿಕ್ಕ ಮೊಳೆಗಳನ್ನು ಚೆಲ್ಲಿದ್ದನು. ಬರಿಗಾಲಿನಲ್ಲಿ ಏರಿಬಂದವರು ಚೀರುತ್ತಾ ನೀರಿಗೆ ಹಾರಿದರು. ಇಂದಿನ ಕಳ್ಳರು ಬರಿಗಾಲಿನಲ್ಲಿ ಬರುತ್ತಾರೆಂಬ ಭರವಸೆಯಿಲ್ಲವಾದರೂ, ಬಾಗಿಲಿಗೆ ಒಳಚಿಲಕ, ಡೆಕ್ಕಿಗೆ ಪ್ರಖರವಾದ ದೀಪ, ಕರ್ಕಶವಾದ ಒಂದು ತುತ್ತೂರಿ, ಕೈಗೆಟುಕುವಂತೆ ರೇಡಿಯೋ, ಇವೆಲ್ಲ ಅದೇ ಜಾತಿಯ ಉಪಾಯಗಳು. ಇವುಗಳಿಂದ ತಪ್ಪಿಯೂ ಬೆಸ್ತನೊಬ್ಬನು ಸಾಯುವುದಿಲ್ಲ.

ಇನ್ನು ತಮ್ಮ ಸಂಸ್ಥೆಯ ಮಾತು. 2004ರ ಜುಲೈ 1ರಿಂದ ಜಾರಿಯಲ್ಲಿರುವ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆ ಅನ್ವಯಿಸುವುದು ಅಂತರರಾಷ್ಟ್ರೀಯ ಯಾನದ ಪ್ರಯಾಣಿಕರ ಹಡಗುಗಳಿಗೆ, 500 ಟನ್ನೇಜಿಗೆ ಕಡಿಮೆಯಿಲ್ಲದ ಸರಕಿನ ಹಡಗುಗಳಿಗೆ. ಸಣ್ಣ ನೌಕೆಗಳಿಗಾಗಿ 2008ರಲ್ಲಿ ಹೊರಟ ಮಾರ್ಗಸೂಚಿ ಕೇವಲ ಐಚ್ಛಿಕ. ನಾವಿಕರು ಆತ್ಮರಕ್ಷಣೆಗೆಂದು ಬಂದೂಕು ಒಯ್ಯುವುದನ್ನು ತಮ್ಮ ಸಂಸ್ಥೆ ಬಲವಾಗಿ ನಿರುತ್ಸಾಹಗೊಳಿಸಿದೆ. ಆ ಹಿತವಚನವು ಹಡಗಿನ ಕಂಪನಿಗಳನ್ನು ಮುಟ್ಟಿದಂತೆ ಹಾಯಿದೋಣಿಯ ಗೃಹಸ್ಥನನ್ನು ಮುಟ್ಟಿಲ್ಲ. ಇದಲ್ಲದೆ 1982ರ ಸಮುದ್ರ ಕಾನೂನಿನ ಒಪ್ಪಂದದ ಪ್ರಕಾರ, ತೀರದಿಂದ 12 ನಾಟಿಕಲ್ ಮೈಲಿಯ ಒಳಗೆ ನಡೆದುದು ಕಡಲ್ಗಳ್ಳತನವೆನಿಸುವುದೇ ಇಲ್ಲ. ಬ್ಲೇಕರ ಕೊಲೆಯೂ ಈ ಲೆಕ್ಕದಲ್ಲಿ ಬ್ರೆಜಿಲ್ ದೇಶದೊಳಗಿನ ಒಂದು ದರೋಡೆ ಮಾತ್ರ. ಶಾಸ್ತ್ರಕ್ಕೆ ಈ ಭೇದ ಅವಶ್ಯವಿರಬಹುದು. ಕುತ್ತಿಗೆಗೆ ಕತ್ತಿ ಬಂದವನಿಗೆ ಅದರಿಂದೇನು?

ಆದುದರಿಂದ ಆ ಐಚ್ಛಿಕ ಮಾರ್ಗಸೂಚಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಯಾವ ಲಂಗರುದಾಣದಲ್ಲಿ ಯಾವಾಗ ಕಳವಾಯಿತೆಂಬುದನ್ನು ತೀರರಾಜ್ಯಗಳು ಮುಚ್ಚಿಡದೆ ಪ್ರಕಟಿಸುವಂತೆ ಒತ್ತಾಯಿಸಬೇಕು. ಸಂಕಟಕರೆಗೆ ಬಳಸುವ ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ಕೂಗಿದರೆ ರಾತ್ರಿಯೂ ಓಗೊಡುವವನೊಬ್ಬನು ದಡದಲ್ಲಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, "ಇಲ್ಲಿ ಬಲೆಯಿದೆ" ಎಂದು ಬೆಸ್ತನು ರಾತ್ರಿಯಲ್ಲಿ ತಿಳಿಸುವ ಬಗೆಯನ್ನು, ಅವನಿಗೆ ಕೈಗೆಟುಕುವ ಬೆಲೆಯ ದೀಪದಿಂದ ತಿಳಿಸುವಂತಹುದನ್ನು, ಹಾಯಿದೋಣಿಯವರಿಗೂ ಕಲಿಸಬೇಕು. ಈ ಕಾರ್ಯಕ್ಕೆ ಸಮಿತಿಯನ್ನು ಕೂಡಿಸುವಾಗ, ಹಡಗಿನ ಒಡೆಯರೂ ವಿಮೆಯವರೂ ಕಾನೂನು ಪಂಡಿತರೂ ಕುಳಿತ ಮೇಜಿನ ಬದಿಯಲ್ಲಿ, ನಮ್ಮ ಕಡೆಯ ತಾಂಡೇಲನೊಬ್ಬನಿಗೂ ಒಂದು ಕುರ್ಚಿಯನ್ನು ಹಾಕಿಸಬೇಕಾಗಿ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಧೇಯ,
ಮಲ್ಪೆಯ ಕರಾವಳಿಗನೊಬ್ಬ