ಹಿತ್ತಲ ಮರದಡಿಯಲ್ಲಿ ಕೇಳಿಬಂದ ಕರೆ

ಮಹಾಕಾರ್ಯಕ್ಕೆ ಪ್ರೇರಣೆ ದೊರೆಯುವುದು ಘೋರಾರಣ್ಯದಲ್ಲಿ, ಗಿರಿಶಿಖರದಲ್ಲಿ ಅಥವಾ ನಿರ್ಜನವಾದ ಗುಹೆಯಲ್ಲಿ ಎಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಫ್ರೆಂಚ್ ಕಲಾವಿದ ಜೂಲ್ ಬಾಸ್ತಿಯೆನ್ ಲಪಾಜ್ 1879ರಲ್ಲಿ ರಚಿಸಿದ ‘ಜೋನ್ ಆಫ್ ಆರ್ಕ್’ ಎಂಬ ತೈಲಚಿತ್ರವು ಈ ಭಾವನೆಯನ್ನು ಸದ್ದಿಲ್ಲದೆ ಅಲ್ಲಗಳೆಯುತ್ತದೆ.

ಸುಮಾರು 8 ಅಡಿ ಎತ್ತರ, 9 ಅಡಿ ಅಗಲದ ಈ ಬೃಹತ್ ಚಿತ್ರವನ್ನು ಮೊದಲ ನೋಟಕ್ಕೆ ಕಂಡವರು ಇದೊಂದು ಕಾಡೆಂದೇ ಭಾವಿಸಬಹುದು. ಎಲ್ಲೆಲ್ಲೂ ಎಲೆ, ಕೊಂಬೆ, ಕಳೆ, ಹುಲ್ಲು. ಅವುಗಳ ನಡುವೆ ಹಳ್ಳಿಯ ಉಡುಪಿನ ಒಬ್ಬ ತರುಣಿ ಎಡಗೈಯನ್ನು ಎಲೆಗಳತ್ತ ಚಾಚಿ, ದೃಷ್ಟಿಯನ್ನು ದೂರದಲ್ಲೆಲ್ಲೋ ನೆಟ್ಟು ನಿಂತಿದ್ದಾಳೆ. ತುಸು ನಿಂತು ನೋಡಿದರೆ ಹಿನ್ನೆಲೆಯಲ್ಲಿ ಒಂದು ಮನೆ ಗೋಚರಿಸುತ್ತದೆ. ನೂಲುವ ರಾಟೆಯೊಂದು ಕಾಣುತ್ತದೆ. ಅದರ ಬಳಿಯ ಮಣೆ ಮಗುಚಿ ಬಿದ್ದಿದೆ. ಇದು ಅರಣ್ಯವಲ್ಲ, ದೋಂರೆಮಿ ಎಂಬ ಗ್ರಾಮದ ರೈತನೊಬ್ಬನ ಮನೆಯ ಹಿತ್ತಲು. ನೂಲುತ್ತಿದ್ದ ಹುಡುಗಿ ಏನನ್ನೋ ಕೇಳಿ ಥಟ್ಟನೆ ಎದ್ದಿದ್ದಾಳೆ.

ಹಿತ್ತಲಿನ ಆಯ್ಕೆ ಕೇವಲ ಕಲ್ಪನೆಯದಲ್ಲ. 1431ರಲ್ಲಿ ರೂಆನ್ ನಗರದಲ್ಲಿ ಜೋನಳ ವಿಚಾರಣೆ ನಡೆದಾಗ, ಅವಳ ಊರಿನ ಸಮೀಪದ ಓಕ್ ಮರಗಳ ಕಾಡಿನ ಬಗೆಗೂ ಅಲ್ಲಿನ ಯಕ್ಷಿಣಿಯರ ಮರದ ಬಗೆಗೂ ನ್ಯಾಯಾಧೀಶರು ಮತ್ತೆ ಮತ್ತೆ ಪ್ರಶ್ನಿಸಿದರು. ಅವಳ ಪ್ರೇರಣೆ ಕಾಡಿನ ಕ್ಷುದ್ರಶಕ್ತಿಗಳಿಂದ ಬಂದುದೆಂದು ಸಾಧಿಸುವುದು ಅವರ ಹಂಚಿಕೆಯಾಗಿತ್ತು. ಅವಳಾದರೋ, ತನಗೆ 13 ವರ್ಷವಾಗಿದ್ದಾಗ ಬೇಸಗೆಯ ಒಂದು ಮಧ್ಯಾಹ್ನ ತಂದೆಯ ತೋಟದಲ್ಲಿ ಆ ವಾಣಿ ಕೇಳಿಸಿತೆಂದು ಉತ್ತರಿಸಿದಳು. ನೂಲುವುದರಲ್ಲಿಯೂ ಹೊಲಿಯುವುದರಲ್ಲಿಯೂ ತಾನು ರೂಆನ್‌ನ ಯಾವ ಹೆಣ್ಣಿಗೂ ಅಂಜುವವಳಲ್ಲವೆಂದು ಹೆಮ್ಮೆಯಿಂದ ನುಡಿದಳು. ಕಲಾವಿದನು ಕಾಡನ್ನು ಬಿಟ್ಟು ಹಿತ್ತಲನ್ನೂ ರಾಟೆಯನ್ನೂ ಚಿತ್ರಿಸಿದುದು ಅವಳ ಈ ಮಾತಿಗೆ ಸಲ್ಲಿಸಿದ ಗೌರವವೆಂದೇ ತಿಳಿಯಬೇಕು.

1880ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ವಿಮರ್ಶಕರು ಜೋನಳ ಮುಖಭಾವವನ್ನು ಮೆಚ್ಚಿದರೂ, ಹಿನ್ನೆಲೆಯಲ್ಲಿ ತೇಲುವ ಮೂವರು ಸಂತರ ಆಕೃತಿಗಳನ್ನು ಆಕ್ಷೇಪಿಸಿದರು. ಎಲೆ ಎಲೆಯನ್ನೂ ಕಂಡಂತೆ ಬರೆದ ಚಿತ್ರದಲ್ಲಿ ಈ ಛಾಯಾಮೂರ್ತಿಗಳಿಗೇನು ಕೆಲಸ ಎಂಬುದು ಅವರ ವಾದ. ಈ ವಾದ ಪೂರ್ತಿ ಅಸಂಗತವಲ್ಲ. ಹೊಳೆಯುವ ಕವಚ ತೊಟ್ಟ ಸಂತ ಮೈಕೇಲನು ಬೇರೊಂದು ಚಿತ್ರದಿಂದ ಬಂದವನಂತೆ ತೋರುವುದುಂಟು. ಆದರೆ ವಿಮರ್ಶಕರು ಒಂದಂಶಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಸಂತರು ಜೋನಳ ಬೆನ್ನ ಹಿಂದಿದ್ದಾರೆ. ಅವಳು ಅವರನ್ನು ನೋಡುತ್ತಿಲ್ಲ, ಕೇಳುತ್ತಿದ್ದಾಳೆ. ಅವಳ ದೃಷ್ಟಿ ಇರುವುದು ಮುಂದೆ ಮಾಡಬೇಕಾದ ಕಾರ್ಯದ ಕಡೆಗೆ. ಕರೆಯ ಸತ್ಯಾಸತ್ಯತೆಯನ್ನು ಅದು ಬಂದ ಬಗೆಯಿಂದ ಅಳೆಯಲಾಗದು. ಅದಕ್ಕೆ ಓಗೊಟ್ಟವರ ನಡತೆಯಿಂದಲೇ ಅಳೆಯಬೇಕು.

ಕಲಾವಿದನಿಗೂ ಈ ವಸ್ತು ಹೊರಗಿನದಾಗಿರಲಿಲ್ಲ. ಅವನು 1848ರಲ್ಲಿ ಜೋನಳದೇ ಲೊರೇನ್ ಸೀಮೆಯ ದಾಂವಿಲೆ ಗ್ರಾಮದಲ್ಲಿ ಜನಿಸಿದವನು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತು, ಮರುವರ್ಷ ಆ ಸೀಮೆಯ ಒಂದು ಭಾಗ ಜರ್ಮನಿಯ ವಶವಾದ ಮೇಲೆ ಜೋನಳ ಹೆಸರು ಜನರಿಗೆ ಧೈರ್ಯದ ಮಂತ್ರವಾಯಿತು. ಅಂಥ ಕಾಲದಲ್ಲಿ ಖಡ್ಗ ಹಿಡಿದು ಕುದುರೆಯೇರಿದ ವೀರವನಿತೆಯನ್ನು ಬರೆದಿದ್ದರೆ ಚಪ್ಪಾಳೆ ಸುಲಭವಾಗಿ ದೊರೆಯುತ್ತಿತ್ತು. ಅವನು ಬರೆದದ್ದು ಇನ್ನೂ ಏನನ್ನೂ ಸಾಧಿಸದ ಹುಡುಗಿಯನ್ನು. 36ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆತನ ಕೀರ್ತಿಗೆ ಈ ಸಂಯಮವೊಂದೇ ಸಾಕು.

ವಿದ್ಯಾಸಂಸ್ಥೆಗಳಿಗೆ ಈ ಚಿತ್ರವು ಒಂದು ಎಚ್ಚರಿಕೆಯೂ ಹೌದು. ಜೋನ್ ಅಕ್ಷರ ಬಲ್ಲವಳಲ್ಲ. ಅವಳನ್ನು ತಪ್ಪಿತಸ್ಥೆಯೆಂದು ನಿರ್ಣಯಿಸಿದವರು ಶಾಸ್ತ್ರಪಾರಂಗತರು. ಸುಮಾರು 19 ವರ್ಷದ ಅವಳನ್ನು ಸುಟ್ಟ 25 ವರ್ಷಗಳ ಬಳಿಕ, 1456ರಲ್ಲಿ, ಆ ತೀರ್ಪು ರದ್ದಾಯಿತು. ಪಾಂಡಿತ್ಯವು ತನ್ನ ಮುಂದೆ ನಿಂತ ಜೀವವನ್ನು ಗುರುತಿಸಲಾರದೆ ಹೋದುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ ಎಲ್ಲೋ ನೋಡುತ್ತ ಕುಳಿತ ಬಾಲಕಿಯನ್ನು ಅನ್ಯಮನಸ್ಕಳೆಂದು ಗದರಿಸುವ ಮುನ್ನ ಶಿಕ್ಷಕರು ಅರೆಕ್ಷಣ ತಡೆಯುವುದು ಲೇಸು. ಅವಳು ಏನನ್ನು ಕೇಳುತ್ತಿರುವಳೋ ಯಾರು ಬಲ್ಲರು?

ಅರ್ವಿನ್ ಡೇವಿಸ್ ಎಂಬ ದಾನಿ 1889ರಲ್ಲಿ ಈ ಕೃತಿಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಅರ್ಪಿಸಿದುದರಿಂದ, ಒಬ್ಬರ ಸೊತ್ತಾಗಿದ್ದುದು ಸರ್ವರ ಕಣ್ಣಿಗೆ ಹಬ್ಬವಾಯಿತು. ದಾನದ ಸಾರ್ಥಕತೆ ಇಂಥದರಲ್ಲಿಯೇ ಇದೆ.

ಹಿತ್ತಲ ಗಿಡ ಮದ್ದಲ್ಲ ಎಂಬುದು ಲೋಕದ ಗಾದೆ. ಆ ಗಿಡದ ಎಲೆಯತ್ತ ಕೈಚಾಚಿ ನಿಂತ ಒಬ್ಬ ಹಳ್ಳಿಯ ಹುಡುಗಿ ಒಂದು ದೇಶಕ್ಕೇ ಮದ್ದಾದಳೆಂಬುದು ಚರಿತ್ರೆಯ ಉತ್ತರ.